ಒಡೆದ ಕಿಟಕಿ, ಹೊಡೆಸಿದ ಪ್ಲೈವುಡ್: ನಂಬಿಕೆ ಯಾವುದು, ನಿಜ ಯಾವುದು

ಗಲಾಟೆಯ ದಿನ ಬೀದಿಯಲ್ಲಿ ತೂರಿದ ಕಲ್ಲಿಗೆ, ಕುಡಿದ ಮತ್ತಿನಲ್ಲಿ ಯಾರೋ ಬೀಸಿದ ಬಾಟಲಿಗೆ, ಹಳೆಯ ದ್ವೇಷ ಇಟ್ಟುಕೊಂಡವನ ದೊಣ್ಣೆಗೆ ಮನೆಯ ಕಿಟಕಿ ಇಲ್ಲವೇ ಅಂಗಡಿಯ ಗಾಜು ಒಡೆದ ಮೇಲೆ ಹೆಚ್ಚಿನವರು ಮೊದಲು ಫೋನ್ ಮಾಡುವುದು ಗಾಜಿನ ಅಂಗಡಿಗೆ. ಅಲ್ಲಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಅಳತೆ ತೆಗೆದುಕೊಂಡು ಹೋಗಿ ಮಾಡಿಸಬೇಕು, ಕೆಲವು ದಿನ ಹಿಡಿಯುತ್ತದೆ. ಆ ಕೆಲವು ದಿನ, ಅದರಲ್ಲೂ ಮೊದಲ ರಾತ್ರಿ, ತೆರೆದ ಜಾಗವನ್ನು ಮುಚ್ಚುವುದು ಹೇಗೆ ಎಂಬ ಬಗ್ಗೆ ನಮ್ಮಲ್ಲಿ ಬಾಯಿಮಾತಿನ ಸಲಹೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಬರೀ ತಪ್ಪು, ಕೆಲವು ಜೀವಕ್ಕೇ ಅಪಾಯ.

"ಪೊಲೀಸರು ಬಂದು ನೋಡುವವರೆಗೆ ಏನನ್ನೂ ಮುಟ್ಟಬಾರದು"

ಅರ್ಧ ನಿಜ. ಯಾರೋ ಒಳಗೆ ನುಗ್ಗಿದ ಗುರುತಿದ್ದರೆ, ಕಳ್ಳತನವಾಗಿದ್ದರೆ, 112ಕ್ಕೆ ಕರೆ ಮಾಡಿ ಹೊರಗೇ ನಿಲ್ಲಬೇಕು. ಬೆರಳಚ್ಚಿನವರ ಕೆಲಸ ಮುಗಿಯುವ ಮೊದಲು ಬೀರು, ಚಿಲಕ, ಕಿಟಕಿಯ ಅಂಚು ಯಾವುದಕ್ಕೂ ಕೈ ಹಾಕಬಾರದು. ಆದರೆ ಹೊರಗಿನಿಂದ ಕಲ್ಲು ಬಿದ್ದು ಗಾಜು ಮಾತ್ರ ಹೋಗಿದ್ದರೆ ಠಾಣೆಗೆ ತಿಳಿಸಿ, ಫೋಟೊ ತೆಗೆದಿಟ್ಟುಕೊಂಡು ಮುಚ್ಚುವ ಕೆಲಸ ಶುರು ಮಾಡಬಹುದು. ಮೊದಲು ರಸ್ತೆಯಿಂದ ಇಡೀ ಕಟ್ಟಡ, ಆಮೇಲೆ ಒಂದೊಂದು ಕಿಟಕಿ, ಕೊನೆಗೆ ಒಳಗೆ ಬಿದ್ದ ಕಲ್ಲು ಮತ್ತು ಚೂರುಗಳು: ಈ ಕ್ರಮದಲ್ಲಿ ತೆಗೆದ ಫೋಟೊಗಳು ಪೊಲೀಸರಿಗೂ ವಿಮೆಯ ಸರ್ವೇಯರ್‌ಗೂ ಸಾಕಾಗುತ್ತವೆ. ಕಲ್ಲನ್ನು ಎಸೆಯಬೇಡಿ. ಎದುರು ಮನೆಯ ಸಿಸಿಟಿವಿಯಲ್ಲಿ ದೃಶ್ಯ ಸಿಕ್ಕಿದೆಯೇ ಎಂದು ಅಂದೇ ವಿಚಾರಿಸಿ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ.

ಗಾಜು ಹೋಗಿದ್ದಕ್ಕೆಲ್ಲ ದೂರು ಯಾಕೆ ಎನ್ನುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಲ್ಲಿ ಶಿಕ್ಷೆ ಹಾನಿಯ ಮೊತ್ತವನ್ನು ಅನುಸರಿಸಿ ಏರುತ್ತದೆ: 20 ಸಾವಿರದಿಂದ 1 ಲಕ್ಷದೊಳಗಿನ ಹಾನಿಗೆ ಎರಡು ವರ್ಷದವರೆಗೆ, 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಐದು ವರ್ಷದವರೆಗೆ ಜೈಲು. ಹಾಗಾಗಿ ಗಾಜಿನವರು ಕೊಡುವ ಕೊಟೇಶನ್ ಕೂಡ ದಾಖಲೆಯೇ. ಸಣ್ಣ ಹಾನಿಗೆ ಎಫ್‌ಐಆರ್ ಆಗದೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಆದರೂ ಅದರ ಪ್ರತಿ ಕೇಳಿ ಪಡೆಯಿರಿ.

"ಬಿರುಕಿಗೆ ಟೇಪ್ ಅಂಟಿಸಿದರೆ ಸದ್ಯಕ್ಕೆ ಸಾಕು"

ಗುಣಿಸು ಚಿಹ್ನೆಯ ಹಾಗೆ ಅಡ್ಡಡ್ಡ ಅಂಟಿಸಿದ ಕಂದು ಟೇಪು ಗಾಜಿಗೆ ಬಲ ಕೊಡುವುದಿಲ್ಲ. ಮಾಮೂಲಿ ಗಾಜಿಗೆ ಟೇಪು ಹಚ್ಚಿದರೆ, ಅದು ಮತ್ತೆ ಒಡೆದಾಗ ಚೂರುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡ ತುಂಡುಗಳಾಗಿ ಬೀಳುತ್ತವೆ. ಟಫನ್ಡ್ ಗಾಜಿನ ಸ್ವಭಾವ ಬೇರೆ. ಅದರ ಮೇಲ್ಮೈ ಸದಾ ಒತ್ತಡದಲ್ಲಿರುತ್ತದೆ. ಏಟು ಆಳಕ್ಕೆ ಇಳಿದರೆ ಇಡೀ ಹಾಳೆ ಒಮ್ಮೆಗೇ ಕಾಳುಕಾಳಾಗಿ ಉದುರುತ್ತದೆ. ಅಂಗಡಿಗಳ ಮುಂಭಾಗದಲ್ಲಿ ಹೆಚ್ಚಾಗಿ ಇರುವುದು ಇದೇ. ಇದನ್ನು ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲು, ತೂತು ಹಾಕಲು ಆಗುವುದಿಲ್ಲವಾದ್ದರಿಂದ ಪ್ರತಿ ಹಾಳೆಯನ್ನೂ ಅಳತೆಗೆ ತಕ್ಕಂತೆ ಕಾರ್ಖಾನೆಯಲ್ಲೇ ಮಾಡಿಸಬೇಕು. ದಿನಗಳು ಹಿಡಿಯುವುದು ಈ ಕಾರಣಕ್ಕೆ. ಎರಡು ಗಾಜಿನ ನಡುವೆ ಪದರ ಇರುವ ಲ್ಯಾಮಿನೇಟೆಡ್ ಗಾಜು ಮಾತ್ರ ಒಡೆದರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ. ಅದಕ್ಕೂ ಒಳಗಿನಿಂದ ಆಸರೆಯಾಗಿ ಹಲಗೆ ಕೊಡುವುದು ಒಳ್ಳೆಯದು.

"ಗ್ರಿಲ್ ಇದೆಯಲ್ಲ, ಹಲಗೆ ಯಾಕೆ?"

ನಮ್ಮ ಕಡೆ ಬಹುತೇಕ ಮನೆಗಳ ಕಿಟಕಿಗೆ ಕಬ್ಬಿಣದ ಸರಳು ಅಥವಾ ಗ್ರಿಲ್ ಇದ್ದೇ ಇರುವುದರಿಂದ ಈ ಮಾತು ಜನಪ್ರಿಯ. ಗ್ರಿಲ್ ಮನುಷ್ಯನನ್ನು ತಡೆಯುತ್ತದೆ, ಅವನ ಕೈಯನ್ನು ತಡೆಯುವುದಿಲ್ಲ. ಬಾಗಿಲಿನ ಪಕ್ಕದ ಕಿಟಕಿಯಿಂದ ಕೈ ಚಾಚಿ ಒಳಚಿಲಕ ಸರಿಸಬಹುದು, ಕೋಲು ತೂರಿಸಿ ಮೇಜಿನ ಮೇಲಿನ ಕೀಲಿಗೊಂಚಲನ್ನೋ ಫೋನನ್ನೋ ಎಳೆದುಕೊಳ್ಳಬಹುದು. ಉರಿಯುವ ಬಟ್ಟೆ ಒಳಗೆ ಎಸೆಯಲಂತೂ ಸರಳುಗಳ ನಡುವೆ ಧಾರಾಳ ಜಾಗವಿದೆ. ಮಳೆ, ಸೊಳ್ಳೆ, ಹಾವಿನ ಮಾತು ಬೇರೆ. ಗ್ರಿಲ್ ಇದ್ದರೆ ಹಲಗೆಯ ಕೆಲಸ ಸುಲಭವಾಗುತ್ತದೆ, ಏಕೆಂದರೆ ಕಟ್ಟಿ ನಿಲ್ಲಿಸಲು ಗಟ್ಟಿಯಾದ ಆಧಾರ ಸಿಗುತ್ತದೆ.

"ಯಾವ ಪ್ಲೈವುಡ್ ಆದರೇನು, ನಾಲ್ಕು ಮೊಳೆ ಹೊಡೆದರಾಯಿತು"

ಹೆಚ್ಚು ಜನ ಎಡವುವುದು ಇಲ್ಲಿ. ಹಾಳೆಯ ಮೇಲೆ ಮುದ್ರೆ ಹಾಕಿರುವ ಎಂಆರ್ ಎಂಬ ಎರಡು ಅಕ್ಷರ ನೋಡಿ ನೀರಿಗೆ ಏನೂ ಆಗುವುದಿಲ್ಲ ಎಂದು ನಂಬಿ ತರುತ್ತಾರೆ. ಅದರ ಅರ್ಥ ತೇವಾಂಶವನ್ನು ತಕ್ಕಮಟ್ಟಿಗೆ ತಾಳುತ್ತದೆ ಎಂದಷ್ಟೇ. ಒಳಾಂಗಣದ ಕಪಾಟಿಗೆ ಅದು ಸರಿ. ನೇರ ಮಳೆಗೆ ಒಡ್ಡಿದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಇನ್ನೂ ಬೇಗ ಉಬ್ಬಿ ಪುಡಿಯಾಗುತ್ತವೆ. ಹೊರಮುಖಕ್ಕೆ ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಾಳುವ) ದರ್ಜೆಯದು ಬೇಕು, ಸಿಕ್ಕರೆ ಐಎಸ್ 710 ಗುರುತಿನ ಮರೈನ್ ಪ್ಲೈ. ಅಷ್ಟು ಖರ್ಚು ಬೇಡವೆಂದರೆ ಮನೆ ಕಟ್ಟುವವರು ಆರ್‌ಸಿಸಿ ಹಾಕಲು ಬಳಸುವ ಶಟರಿಂಗ್ ಪ್ಲೈ ತನ್ನಿ. ಒದ್ದೆ ಕಾಂಕ್ರೀಟನ್ನೇ ತಾಳಿಕೊಳ್ಳಲು ಮಾಡಿದ ಹಾಳೆ ಅದು. ಒಮ್ಮೆ ಬಳಸಿದ್ದಾದರೂ ಈ ಕೆಲಸಕ್ಕೆ ಚೆನ್ನಾಗಿ ನಡೆಯುತ್ತದೆ. ದಪ್ಪ 12 ಮಿಲಿಮೀಟರ್‌ಗಿಂತ ಕಡಿಮೆ ಬೇಡ, ನೆಲಮಹಡಿಯ ದೊಡ್ಡ ಕಿಟಕಿಗೆ 18 ಇರಲಿ. ಆರು ಮಿಲಿಮೀಟರಿನ ಹಾಳೆ ಕೈಯಲ್ಲಿ ಒತ್ತಿದರೇ ಬಾಗುತ್ತದೆ. ಎಂಟಕ್ಕೆ ನಾಲ್ಕು ಅಡಿಯ ಹಾಳೆಯನ್ನು ಕತ್ತರಿಸಿದ ಕೂಡಲೇ ಅಂಚುಗಳಿಗೆ ಎನಾಮಲ್ ಬಣ್ಣ ಬಳಿಸಿ, ನೀರು ಕುಡಿಯುವುದು ಅಂಚಿನಿಂದಲೇ.

ಹಾಳೆ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಿಡಿದಿರುವ ಮೊಳೆ ಸಡಿಲವಾದರೆ ಎಲ್ಲವೂ ವ್ಯರ್ಥ. ಹೊರಗಿನಿಂದ ಹೊಡೆದ ಮೊಳೆಯನ್ನು ಒಂದು ಹಾರೆ ಮೀಟಿ ಕಿತ್ತುಹಾಕುತ್ತದೆ. ಸ್ಕ್ರೂ ಅದಕ್ಕಿಂತ ಮೇಲು, ಆದರೂ ಸ್ಕ್ರೂಡ್ರೈವರ್ ಇದ್ದವರಿಗೆ ಅದೂ ಬಿಚ್ಚಲು ಬರುತ್ತದೆ. ಅನುಭವಿ ಬಡಗಿಗಳು ಮಾಡುವ ವಿಧಾನ ಬೇರೆ. ಕಿಟಕಿಯ ಒಳಬದಿಯಲ್ಲಿ, ತೆರಪಿಗಿಂತ ಉದ್ದವಾದ ಎರಡು ದಪ್ಪ ಮರದ ರೀಪರ್‌ಗಳನ್ನು ಗೋಡೆಗೆ ಆತುಕೊಳ್ಳುವಂತೆ ಅಡ್ಡ ಇಡುತ್ತಾರೆ. ಹೊರಗೆ ಪ್ಲೈವುಡ್. ಎರಡರ ಮೂಲಕವೂ ದುಂಡುತಲೆಯ ಕ್ಯಾರೇಜ್ ಬೋಲ್ಟ್ ತೂರಿಸಿ ವಾಷರ್, ನಟ್ಟುಗಳನ್ನು ಒಳಗೆ ಬಿಗಿಯುತ್ತಾರೆ. ಹೊರಗೆ ಕಾಣುವುದು ನುಣುಪಾದ ದುಂಡುತಲೆ ಮಾತ್ರ. ಅದನ್ನು ಹಿಡಿಯಲು ಪಾನವೂ (ಸ್ಪ್ಯಾನರ್) ಬರದು, ಸ್ಕ್ರೂಡ್ರೈವರೂ ಬರದು. ಕಿಟಕಿಯ ಚೌಕಟ್ಟಿಗೆ ಒಂದು ತೂತೂ ಬೀಳುವುದಿಲ್ಲ. ಯುಪಿವಿಸಿ, ಅಲ್ಯೂಮಿನಿಯಂ ಕಿಟಕಿ ಹಾಕಿಸಿದವರಿಗೆ ಇದೇ ದೊಡ್ಡ ಉಳಿತಾಯ: ಆ ಚೌಕಟ್ಟಿಗೆ ಡ್ರಿಲ್ ಮಾಡಿದರೆ ಗಾಜಿನ ಜೊತೆ ಚೌಕಟ್ಟನ್ನೂ ಬದಲಿಸುವ ಪರಿಸ್ಥಿತಿ ಬರಬಹುದು.

ಗೋಡೆಗೇ ಬಿಗಿಯಬೇಕಾಗಿ ಬಂದರೆ ಆ್ಯಂಕರ್ ಫಾಸ್ಟನರ್ ಬಳಸಿ, ಅಂಚಿನಿಂದ ಸಾಕಷ್ಟು ಒಳಗೆ ಹಾಕಿಸಿ. ಕರಾವಳಿಯ ಕೆಂಪುಕಲ್ಲಿನ ಗೋಡೆಗಳು ಕಿಟಕಿಯ ಮೂಲೆಯಲ್ಲಿ ಬೇಗ ಉದುರುತ್ತವೆ. ಅಲ್ಲಿ ರೀಪರ್ ವಿಧಾನವೇ ವಾಸಿ. ಹಲಗೆ ಕೂರಿಸುವ ಮೊದಲು ಚೌಕಟ್ಟಿನಲ್ಲಿ ನೇತಾಡುವ ಚೂರುಗಳನ್ನು ಮೇಲಿನಿಂದ ಕೆಳಕ್ಕೆ ತೆಗೆಯಬೇಕು, ಕೆಳಗಿನಿಂದ ಶುರು ಮಾಡಿದರೆ ಮೇಲಿನದು ಕೈ ಮೇಲೆ ಬೀಳುತ್ತದೆ. ದಪ್ಪ ಕೈಗವಸು ಮತ್ತು ಶೂ ಬೇಕೇ ಬೇಕು. ಆ ಚೂರುಗಳನ್ನು ಕಸದ ಬಕೆಟ್ಟಿಗೆ ಹಾಗೇ ಸುರಿಯುವುದು ಪೌರಕಾರ್ಮಿಕರ ಕೈಗೆ ಮಾಡುವ ಗಾಯ. ಹಲವು ಪದರ ಪೇಪರಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ "ಗಾಜು" ಎಂದು ದೊಡ್ಡದಾಗಿ ಬರೆದು ಕೈಯಾರೆ ಒಪ್ಪಿಸಿ.

"ಒಂದು ತೂತೂ ಬಿಡದೆ ಮುಚ್ಚಿದರೆ ಮಾತ್ರ ಭದ್ರ"

ಎಲ್ಲ ತಪ್ಪು ಕಲ್ಪನೆಗಳಲ್ಲಿ ಇದು ನನ್ನನ್ನು ಹೆಚ್ಚು ಹೆದರಿಸುತ್ತದೆ. ಜನ ವಾಸವಿರುವ ಮನೆಯಲ್ಲಿ ಮಲಗುವ ಕೋಣೆಯ ಏಕೈಕ ಕಿಟಕಿಯನ್ನು ಬಿಚ್ಚಲಾಗದಂತೆ ಜಡಿದರೆ, ಬೆಂಕಿ ಬಿದ್ದ ರಾತ್ರಿ ಹೊಗೆ ಹೊರಹೋಗಲು ದಾರಿ ಇರುವುದಿಲ್ಲ, ಒಳಗಿದ್ದವರ ಕೂಗೂ ಹೊರಗೆ ಕೇಳುವುದಿಲ್ಲ. ಒಳಗಿನಿಂದ ನಟ್ಟು ಬಿಗಿಯುವ ವಿಧಾನದ ಇನ್ನೊಂದು ಲಾಭ ಇದು: ಪಾನವನ್ನು ಅದೇ ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿದರೆ ಒಳಗಿದ್ದವರು ಬಿಚ್ಚಬಹುದು. ರೆಕ್ಕೆ ನಟ್ಟು ಹಾಕಿದರೆ ಪಾನವೂ ಬೇಡ. ಎರಡು ಬಾಗಿಲಿದ್ದರೆ ಎರಡನ್ನೂ ಮುಚ್ಚುವ ಮಾತೇ ಬೇಡ.

ಅಡುಗೆಮನೆಯ ವಿಷಯ ಇನ್ನೂ ಸೂಕ್ಷ್ಮ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಕೆಳಗೆ ಗಾಳಿಯಾಡಲು ದಾರಿಯಿಲ್ಲದಂತೆ ಹಲಗೆ ಜಡಿದು ಸಿಲಿಂಡರ್ ಒಳಗೇ ಇಡುವುದು ದೊಡ್ಡ ಅಪಾಯ. ಅಂಗಡಿಗಳಲ್ಲಿ ಬೆಂಕಿಯ ಅಪಾಯ ಬೇರೆ ದಾರಿಯಿಂದ ಬರುತ್ತದೆ: ಅಂಗಡಿಯವರು ಡೊಂಕಾದ ರೋಲಿಂಗ್ ಶಟರನ್ನು ರಾತ್ರೋರಾತ್ರಿ ವೆಲ್ಡ್ ಮಾಡಿಸಿಬಿಡುತ್ತಾರೆ. ಬಟ್ಟೆ, ರಟ್ಟು, ಪೇಂಟು ತುಂಬಿದ ಅಂಗಡಿಗೆ ವೆಲ್ಡಿಂಗ್ ಕಿಡಿ ಹಾರಿದರೆ ಕಲ್ಲೆಸೆದವನು ಮಾಡದ ನಷ್ಟವನ್ನು ಅದು ಮಾಡುತ್ತದೆ. ಶಟರಿನ ಹಿಂದೆ ಪ್ಲೈವುಡ್ ನಿಲ್ಲಿಸಿ ರೀಪರ್‌ಗೆ ಬಿಗಿದು, ಬೆಳಗ್ಗೆ ಶಟರ್‌ನವರನ್ನು ಕರೆಸುವುದು ಲೇಸು.

ಖಾಲಿ ಮನೆಗೂ ಗಾಳಿ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಪೂರ್ತಿ ಮುಚ್ಚಿದ ಮನೆಯೊಳಗೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಹಲಗೆಯ ಮೇಲಂಚಿನಲ್ಲೂ ಕೆಳಂಚಿನಲ್ಲೂ ಸಣ್ಣ ತೂತುಗಳ ಸಾಲು ಹಾಕಿಸಿ, ಹಿಂದೆ ಸೊಳ್ಳೆಜಾಲರಿ ಹೊಡೆಸಿದರೆ ಗಾಳಿಯಾಡುತ್ತದೆ.

"ಹಲಗೆ ಕಂಡರೆ ಮನೆ ಖಾಲಿ ಎಂದು ಕಳ್ಳರಿಗೆ ಗೊತ್ತಾಗುತ್ತದೆ, ಹಾಗೇ ಬಿಡುವುದೇ ವಾಸಿ"

ಮೊದಲ ಅರ್ಧದಲ್ಲಿ ಹುರುಳಿದೆ. ಬರಿಯ ಪ್ಲೈವುಡ್ ತಿಂಗಳುಗಟ್ಟಲೆ ಕಾಣುತ್ತಿದ್ದರೆ ಅಲ್ಲಿ ಯಾರೂ ಇಲ್ಲವೆಂದು ದಾರಿಹೋಕರಿಗೂ ತಿಳಿಯುತ್ತದೆ. ಸಾಲ ತೀರದೆ ಬ್ಯಾಂಕಿನ ಪಾಲಾದ ಖಾಲಿ ಮನೆಗಳಿಂದ ಬೇಸತ್ತ ಅಮೆರಿಕದ ಓಹಿಯೋ ರಾಜ್ಯ, ಅಂಥ ಮನೆಗಳಿಗೆ ಪ್ಲೈವುಡ್ ಬಳಸದಂತೆ 2017ರಲ್ಲಿ ಕಾನೂನನ್ನೇ ತಂದಿತು. ಆದರೆ ಹಾಗೇ ಬಿಡಿ ಎಂಬ ತೀರ್ಮಾನ ಇದರಿಂದ ಹುಟ್ಟುವುದಿಲ್ಲ. ಹಲಗೆಗೆ ಗೋಡೆಯದೇ ಬಣ್ಣ ಬಳಿಸಿ, ಅಂಗಳದ ಕಸ ತೆಗೆಸಿ, ಸಂಜೆ ಒಂದು ದೀಪ ಉರಿಯುವಂತೆ ಮಾಡಿ. ಮಕ್ಕಳು ವಿದೇಶದಲ್ಲಿದ್ದು ಊರಿನ ಮನೆಗೆ ಬೀಗ ಬಿದ್ದಿರುವ ಕುಟುಂಬಗಳು ನೆರೆಯವರ ಹತ್ತಿರ ಒಂದು ಕೀಲಿ ಕೊಟ್ಟಿರುವುದು ಯಾವ ಹಲಗೆಗಿಂತಲೂ ಮೇಲು.

ಇದೇ ಚರ್ಚೆಯಲ್ಲಿ ಒಂದು ಸಿದ್ಧಾಂತವೂ ಬಂದೇ ಬರುತ್ತದೆ: ಒಂದು ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಇಡೀ ಬೀದಿ ಕೆಡುತ್ತದೆ ಎಂಬುದು. 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನ ಇದನ್ನು ಪ್ರಸಿದ್ಧಗೊಳಿಸಿತು. ಅವರು ಆಧಾರವಾಗಿ ಕೊಟ್ಟ ಉದಾಹರಣೆಗಳಲ್ಲಿ ಒಂದು, 1969ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಬೀದಿಯಲ್ಲಿ ಬಿಟ್ಟುಹೋದ ಕಾರುಗಳ ಪ್ರಯೋಗ. ಪಾಲೊ ಆಲ್ಟೊ ಊರಿನಲ್ಲಿ ನಿಲ್ಲಿಸಿದ್ದ ಕಾರನ್ನು ಒಂದು ವಾರಕ್ಕೂ ಹೆಚ್ಚು ಕಾಲ ಯಾರೂ ಮುಟ್ಟಲಿಲ್ಲ. ಕೊನೆಗೆ ಮೊದಲ ಏಟು ಹಾಕಿದವರು ಜಿಂಬಾರ್ಡೊ ಅವರೇ. ಒಡೆದ ಕಿಟಕಿಯಿಂದ ಊರಿನ ಅಪರಾಧವೆಲ್ಲ ಏರುತ್ತದೆಯೇ ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಕಿಟಕಿ ಮುಚ್ಚಲು ಆ ಸಿದ್ಧಾಂತದ ಬೆಂಬಲ ಬೇಕಾಗಿಯೂ ಇಲ್ಲ. ತೆರೆದಿರುವ ಕಿಟಕಿ ತೆರೆದಿದೆ, ಅಷ್ಟೇ ಕಾರಣ ಸಾಕು.

"ಗಲಾಟೆಯಲ್ಲಿ ಆದ ಹಾನಿಗೆ ವಿಮೆಯಿಂದ ಒಂದು ಪೈಸೆಯೂ ಬರುವುದಿಲ್ಲ"

ಹೀಗೆ ನಂಬಿ ಕ್ಲೇಮಿಗೇ ಹೋಗದವರು ಇದ್ದಾರೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ ನಿಗದಿ ಮಾಡಿದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ದಂಗೆ, ಮುಷ್ಕರ ಮತ್ತು ದುರುದ್ದೇಶದ ಹಾನಿ ಸೇರಿಯೇ ಇವೆ. ಅಂಥ ಘಟನೆಯ ಪರಿಣಾಮವಾಗಿ 7 ದಿನದೊಳಗೆ ಕಳ್ಳತನವಾದರೆ ಅದಕ್ಕೂ ರಕ್ಷಣೆಯಿದೆ. ಅವಶೇಷ ತೆರವಿಗೆ ಕ್ಲೇಮಿನ ಶೇ. 2ರವರೆಗೆ ಸಿಗುತ್ತದೆ. ಸಣ್ಣ ಅಂಗಡಿಗಳಿಗೆ ಇದೇ ಬಗೆಯ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಇದೆ, ಶೋರೂಮ್ ಗಾಜಿಗೆ ಪ್ಲೇಟ್ ಗ್ಲಾಸ್ ವಿಮೆ ಬೇರೆಯೇ ಸಿಗುತ್ತದೆ. ಆದರೆ ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವ ಹೊಣೆ ಪಾಲಿಸಿದಾರರದ್ದು. ಕಿಟಕಿ ತೆರೆದೇ ಬಿಟ್ಟು ಮಳೆಗೆ ಟಿವಿ, ಸೋಫಾ ಹಾಳಾದರೆ ಸರ್ವೇಯರ್ ಪ್ರಶ್ನೆ ಎತ್ತುತ್ತಾರೆ. ಹಲಗೆ, ಬೋಲ್ಟ್, ಬಡಗಿಯ ಕೂಲಿ ಎಲ್ಲದಕ್ಕೂ ಬಿಲ್ ಇಟ್ಟುಕೊಳ್ಳಿ.

ವಿಮೆ ಇಲ್ಲದವರಿಗೂ ಒಂದು ಬಾಗಿಲಿದೆ. ದಂಗೆಯಲ್ಲಿ ಆದ ಆಸ್ತಿಹಾನಿಯನ್ನು ಅಂದಾಜು ಮಾಡಿ ಕಾರಣರಾದವರಿಂದ ವಸೂಲು ಮಾಡುವ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ಮಾರ್ಗಸೂಚಿ ಕೊಟ್ಟಿದೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ನಡೆದ ಗಲಭೆಯ ನಂತರ ಕರ್ನಾಟಕ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಕ್ಲೇಮ್ಸ್ ಕಮಿಷನರ್ ಆಗಿ ನೇಮಿಸಿದ್ದು ಇದೇ ದಾರಿಯಲ್ಲಿ. ಅಲ್ಲೂ ಬೇಕಾಗುವುದು ಮೊದಲ ದಿನದ ಫೋಟೊ ಮತ್ತು ಬಿಲ್ಲು.

"ಹಲಗೆ ಹೊಡೆದಾಯಿತಲ್ಲ, ಗಾಜು ನಿಧಾನಕ್ಕೆ ಹಾಕಿಸೋಣ"

ಮಳೆ ಬಿಸಿಲಿಗೆ ಪ್ಲೈವುಡ್ ಸೊಟ್ಟಗಾಗುತ್ತದೆ, ಬೋಲ್ಟು ತುಕ್ಕು ಹಿಡಿಯುತ್ತದೆ, ಗೋಡೆಗೆ ತಾಗಿದ ರೀಪರ್‌ಗೆ ಗೆದ್ದಲು ಹತ್ತುತ್ತದೆ. ಬಾಡಿಗೆ ಮನೆಯಲ್ಲಿ ಮಾಲೀಕರು, ಬಾಡಿಗೆದಾರರು ಖರ್ಚು ಯಾರದೆಂದು ವಾದಿಸುತ್ತಾ ಕುಳಿತರೆ ಇದು ಇನ್ನೂ ಎಳೆಯುತ್ತದೆ. ಕರಾರುಪತ್ರ ತೆಗೆದು ಓದಿ, ಅದೇ ದಿನ ಲಿಖಿತವಾಗಿ ತಿಳಿಸಿಬಿಡಿ. ಹಲಗೆ ಹೊಡೆಸಿದ ದಿನವೇ ಗಾಜಿಗೆ ಆರ್ಡರ್ ಕೊಡಿ. ರಸ್ತೆಗೆ ಮುಖ ಮಾಡಿದ ಕಿಟಕಿಗಾದರೆ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ. ಮುಂಗಡ ಕೊಡುವಾಗ ಜೋಡಿಸಿ ಕೊಡುವ ತಾರೀಖನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.