ಗಿರಣಗಾಂವ್: ಕೂಲಿಯಿಂದ ಗೇಣಿಯವರೆಗೆ

ಮುಂಬಯಿಯ ಬಂಡವಾಳಶಾಹಿಯ ಚರಿತ್ರೆಯನ್ನು ಗಿರಣಿಗಳ ಏಳುಬೀಳೆಂದಷ್ಟೇ ಗ್ರಹಿಸಿದರೆ ಸಾಲದೆಂದು ನಾವು ಭಾವಿಸುತ್ತೇವೆ. ಅಫೀಮು, ಹತ್ತಿಗಳ ವ್ಯಾಪಾರದಲ್ಲಿ ಸಂಚಯಗೊಂಡ ವಣಿಕ ಬಂಡವಾಳವು 1854ರಲ್ಲಿ ಕಾವಸ್‌ಜಿ ದಾವರರು ಸ್ಥಾಪಿಸಿದ ಗಿರಣಿಯೊಡನೆ ಔದ್ಯಮಿಕ ರೂಪ ತಾಳತೊಡಗಿತು. ಪರೇಲ್, ಲಾಲ್‌ಬಾಗ್‌ಗಳ ಚಾಳುಗಳನ್ನು ಸೇರಿದ ರತ್ನಾಗಿರಿಯ ರೈತರು ಊರಿನ ನೆಲದ ನಂಟನ್ನು ಪೂರ್ತಿ ಕಡಿದುಕೊಳ್ಳಲಿಲ್ಲ. ಕೂಲಿಯ ಕೊರತೆಯನ್ನು ಊರಿನ ಹೊಲ ತುಂಬಿತು. ಅರ್ಥಾತ್, ಶ್ರಮಶಕ್ತಿಯ ಪುನರುತ್ಪಾದನೆಯ ವೆಚ್ಚದ ಒಂದಂಶವನ್ನು ಹಳ್ಳಿಯೇ ಹೊತ್ತಿತು.

1982ರ ಜನವರಿ 18ರಂದು ಆರಂಭವಾದ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರವು ಸೋತ ತರುವಾಯ ಮಗ್ಗಕ್ಕಿಂತ ಅದರಡಿಯ ನೆಲವೇ ಲಾಭದಾಯಕವೆನಿಸಿತು. 1991ರ ನಿಯಮವು ಗಿರಣಿಭೂಮಿಯ ಮೂರರಲ್ಲಿ ಎರಡು ಪಾಲನ್ನು ಸಾರ್ವಜನಿಕ ಬಯಲಿಗೂ ವಸತಿಗೂ ಮೀಸಲಿಟ್ಟಿತ್ತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಭಾಗಕ್ಕೆ ಸೀಮಿತಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ಲಾಭವು ಹೀಗೆ ಗೇಣಿಯಾಗಿ ರೂಪಾಂತರಗೊಂಡಿತು. ಆ ನೆಲದ ಮೌಲ್ಯವನ್ನು ತಲೆಮಾರುಗಳ ದುಡಿಮೆಯಿಂದ ಬೆಳೆಸಿದವರ ಪಾಲು ಮಾತ್ರ ಕುಗ್ಗಿತು.