ಮೂಕಚಿತ್ರ ಮತ್ತು ರಾಜಮರ್ಯಾದೆ: ಹೈದರಾಬಾದಿನ ಒಂದು ಪ್ರಸಂಗ

ಭಾರತೀಯ ಮೂಕಚಿತ್ರಗಳ ಚರಿತ್ರೆಯೆಂದರೆ ಮುಂಬಯಿ, ಕಲ್ಕತ್ತ, ಮದರಾಸುಗಳ ಚರಿತ್ರೆ ಎಂದು ತಿಳಿಯುವುದು ರೂಢಿ. ಬೀದರ, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ನಿಜಾಮ ಸಂಸ್ಥಾನದ ರಾಜಧಾನಿ ಅಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಚಿತ್ರವೊಂದರ ನೀತಿ ಅನೀತಿಗಳನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ 1924ರಲ್ಲಿ ಹೈದರಾಬಾದಿನಲ್ಲಿ ಎದ್ದಷ್ಟು ನಗ್ನವಾಗಿ ಬೇರೆಡೆ ಎದ್ದುದು ವಿರಳ.

ಈ ಪ್ರಸಂಗದ ಕೇಂದ್ರವ್ಯಕ್ತಿ ಧೀರೇಂದ್ರನಾಥ ಗಂಗೂಲಿ. ಶಾಂತಿನಿಕೇತನದಲ್ಲಿ ಕಲಿತು, ಹೈದರಾಬಾದಿನ ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು ಅನಂತರ ಕಲ್ಕತ್ತದಲ್ಲಿ ಚಿತ್ರರಂಗವನ್ನು ಪ್ರವೇಶಿಸಿದರು. ಅವರು ಅಭಿನಯಿಸಿದ 'ಬಿಲಾತ್ ಫೆರತ್' (1921) ವಿಲಾಯಿತಿಯಿಂದ ಮರಳಿದ ಯುವಕನ ಅನುಕರಣಶೀಲತೆಯನ್ನೂ ಅವನನ್ನು ಕಂಡು ಬೆಚ್ಚುವ ಸಂಪ್ರದಾಯನಿಷ್ಠೆಯನ್ನೂ ಒಟ್ಟಿಗೇ ನಗೆಗೀಡುಮಾಡಿದ ಚಿತ್ರ. 1922ರಲ್ಲಿ ಹೈದರಾಬಾದಿಗೆ ಹಿಂದಿರುಗಿದ ಗಂಗೂಲಿಯವರು ಲೋಟಸ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು, ಚಿತ್ರಮಂದಿರಗಳನ್ನೂ ನಡೆಸಿದರು. 'ಯಯಾತಿ', 'ಹರಗೌರಿ'ಗಳಂತಹ ಪೌರಾಣಿಕಗಳ ಜೊತೆಗೆ 'ದಿ ಲೇಡಿ ಟೀಚರ್', 'ದಿ ಮ್ಯಾರೇಜ್ ಟಾನಿಕ್' ಎಂಬ ಚಿತ್ರಗಳೂ ಅಲ್ಲಿ ತಯಾರಾದವು. ಪುರಾಣವೂ ಹೊಸಕಾಲದ ಹೆಣ್ಣೂ ಒಂದೇ ಕಂಪನಿಯ ಆಶ್ರಯ ಪಡೆದುದನ್ನು ಈ ಹೆಸರುಗಳೇ ಸೂಚಿಸುತ್ತವೆ.

ಆಪತ್ತು ಬಂದುದು ಇವುಗಳಿಂದಲ್ಲ. ಮುಂಬಯಿಯಲ್ಲಿ ತಯಾರಾದ 'ರಜಿಯಾ ಬೇಗಂ' ಚಿತ್ರವನ್ನು 1924ರಲ್ಲಿ ಗಂಗೂಲಿಯವರು ತಮ್ಮ ಚಿತ್ರಮಂದಿರದಲ್ಲಿ ಪ್ರದರ್ಶಿಸಿದರು. ಮುಸ್ಲಿಂ ರಾಣಿ ಹಿಂದೂವೊಬ್ಬನಲ್ಲಿ ಅನುರಕ್ತಳಾಗುವ ಕಥಾವಸ್ತು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರನ್ನು ಕೆರಳಿಸಿತು. ಗಂಗೂಲಿಯವರು ಕೂಡಲೇ ಸಂಸ್ಥಾನವನ್ನು ಬಿಟ್ಟು ಹೋಗಬೇಕೆಂದು ಆಜ್ಞೆಯಾಯಿತು. ಚರಿತ್ರೆಯಲ್ಲಿ ರಜಿಯಾಳ (1236–1240) ಮೇಲೆ ತುರ್ಕಿ ಸರದಾರರು ಮುನಿದುದು ಹಬಶಿ ಯಾಕೂತನಿಗೆ ಆಕೆ ನೀಡಿದ ಉನ್ನತ ಸ್ಥಾನಕ್ಕಾಗಿ. ಏಳು ಶತಮಾನಗಳ ತರುವಾಯವೂ ದಂಡನೆಗೆ ಕಾರಣವಾದುದು ಅದೇ ರಾಣಿಯ ಒಲವಿನ ಕಥೆ!

ಇದನ್ನು ಸಂಸ್ಥಾನದ ಮತೀಯ ಅಸಹನೆಯೆಂದಷ್ಟೇ ತಳ್ಳಿಹಾಕುವುದು ಸರಿಯಲ್ಲ. ಬ್ರಿಟಿಷ್ ಭಾರತದಲ್ಲಿ 1918ರ ಕಾಯಿದೆಯನ್ವಯ ಸೆನ್ಸಾರ್ ಮಂಡಲಿಗಳಿದ್ದವು. ಅಲ್ಲಿಯೂ ಅಧಿಕಾರಿಗಳನ್ನು ಕಾಡುತ್ತಿದ್ದ ಚಿಂತೆಯೆಂದರೆ, ಪಾಶ್ಚಾತ್ಯ ಚಿತ್ರಗಳ ಪ್ರಣಯದೃಶ್ಯಗಳನ್ನು ಕಂಡ ಭಾರತೀಯರಲ್ಲಿ ಬಿಳಿಯ ಹೆಣ್ಣಿನ ಬಗೆಗಿನ ಗೌರವ ಕುಂದೀತೆಂಬುದು. ರಂಗಾಚಾರಿಯರ್ ಸಮಿತಿಯು 1927–28ರಲ್ಲಿ ಈ ವಿಷಯವನ್ನೂ ವಿಚಾರಿಸಬೇಕಾಯಿತು. ಎರಡೂ ಕಡೆ ನೀತಿಯ ಹೆಸರಿನಲ್ಲಿ ಕಾಪಾಡಲು ಹೊರಟದ್ದು ಆಳುವ ಕುಲದ ಮರ್ಯಾದೆಯನ್ನು. ಆ ಭಾರವನ್ನು ಹೊರಿಸಿದ್ದು ತೆರೆಯ ಮೇಲಿನ ಹೆಣ್ಣಿನ ಮೇಲೆ. ವ್ಯತ್ಯಾಸವಿದ್ದುದು ವಿಧಾನದಲ್ಲಿ: ಅಲ್ಲಿ ಕತ್ತರಿ, ಇಲ್ಲಿ ಗಡೀಪಾರು.

ಗಂಗೂಲಿಯವರು ಕಲ್ಕತ್ತಕ್ಕೆ ಮರಳಿ 1929ರಲ್ಲಿ ಬ್ರಿಟಿಷ್ ಡೊಮಿನಿಯನ್ ಫಿಲ್ಮ್ಸ್ ಸಂಸ್ಥೆಯನ್ನು ಕಟ್ಟಿದರು. 1975ರ ಫಾಲ್ಕೆ ಪ್ರಶಸ್ತಿಗೂ ಪಾತ್ರರಾದರು. ಹೈದರಾಬಾದಿನ ಲೋಟಸ್ ಕಂಪನಿಯಾದರೋ ಅವರ ನಿರ್ಗಮನದೊಂದಿಗೇ ಮುಗಿಯಿತು.