ಸೀರೆಯ ಲೆಕ್ಕದಲ್ಲಿ ನದಿಯೂ ಇರಲಿ

ಮೆಟ್ಟುಪಾಳಯದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಭವಾನಿ ನದಿಯ ದಂಡೆಯಲ್ಲಿ ಸಿರುಮುಗೈ ಸಿಗುತ್ತದೆ. ಕೊಯಮತ್ತೂರು ಜಿಲ್ಲೆಯ ಊರು. ವ್ಯವಹಾರವೆಲ್ಲ ತಮಿಳಿನಲ್ಲಿ ನಡೆದರೂ ಇಲ್ಲಿನ ದೇವಾಂಗ ನೇಕಾರರ ಮನೆಯೊಳಗೆ ತಲೆಮಾರುಗಳಿಂದ ಕನ್ನಡ ಉಳಿದಿದೆ. ಉಟ್ಟರೆ ತೂಕವೇ ತಿಳಿಯದ ಸಾಫ್ಟ್ ಸಿಲ್ಕ್ ಸೀರೆ ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ. ರೇಷ್ಮೆ ಮತ್ತು ಹತ್ತಿ ಸೇರಿದ ಕೋವೈ ಕೋರಾ ಕಾಟನ್ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದ್ದೂ ಈ ಸೀಮೆಯ ಮಗ್ಗಗಳಿಂದಲೇ.

ಇದೇ ಊರಿಗೆ ನೂಲಿನ ಇನ್ನೊಂದು ಚರಿತ್ರೆಯೂ ಇದೆ. ಮರದ ತಿರುಳಿನಿಂದ ರೇಯಾನ್ ತೆಗೆಯುವ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆ ಇಲ್ಲಿತ್ತು. ವಿಸ್ಕೋಸ್ ಮಾಡುವ ಕ್ರಮ ತಿಳಿದರೆ ನದಿಗೆ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಜೇನಿನಂಥ ದ್ರವ ಮಾಡುತ್ತಾರೆ. ಅದನ್ನು ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲ ಮತ್ತು ಸತುವಿನ ಸಲ್ಫೇಟ್ ಇರುವ ತೊಟ್ಟಿಗೆ ಹಾಯಿಸಿದಾಗ ಎಳೆ ಗಟ್ಟಿಯಾಗುತ್ತದೆ. ತಿರುಳು ಬೇಯಿಸಿದ ಕಂದು ನೀರು, ಆಮ್ಲ, ಸತು, ಸಲ್ಫೇಟ್ ಇವೆಲ್ಲ ಕೊನೆಗೆ ಎಲ್ಲಿಗಾದರೂ ಹೋಗಲೇಬೇಕು. ಕೆಳಗೆ ಭವಾನಿಸಾಗರ ಜಲಾಶಯ, ಅದರಾಚೆ ಗೋಬಿಚೆಟ್ಟಿಪಾಳಯದ ಗದ್ದೆಗಳು. 1990ರ ದಶಕದಲ್ಲಿ ನದಿ ದಂಡೆಯ ಜನ ಬೀದಿಗಿಳಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು. 2001ರಲ್ಲಿ ಕಾರ್ಖಾನೆ ಮುಚ್ಚಿತು. ನದಿಗೆ ಬಿಡುವು ಸಿಕ್ಕಿತು. ಕಾರ್ಖಾನೆಯನ್ನೇ ನಂಬಿ ಬದುಕಿದ್ದ ಕಾರ್ಮಿಕರ ಕೆಲಸ ಹೋಯಿತು.

ಕರ್ನಾಟಕದ ಓದುಗರಿಗೆ ಇದು ಗೊತ್ತಿರುವ ಕಥೆಯೇ. ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ಅದೇ ಬಗೆಯ ತಿರುಳಿನ ಕಾರ್ಖಾನೆ ತುಂಗಭದ್ರೆಯ ದಂಡೆಯಲ್ಲಿದೆ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ನದಿಯ ಮಾಲಿನ್ಯದ ವಿರುದ್ಧ ಹೋರಾಡಿದರು. ಅದೇ ಕಾರ್ಖಾನೆಗೆ ಮರ ಒದಗಿಸಲು ಹಳ್ಳಿಗಳ ಗೋಮಾಳದಲ್ಲಿ ನೀಲಗಿರಿ ಬೆಳೆಸಲು ಹೊರಟಾಗ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಗೋಮಾಳದ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು.

ವ್ಯಾಪಾರದ ಜೊತೆ ಪರಿಸರವನ್ನೂ ಸಮಾಜವನ್ನೂ ನೋಡಿಕೊಳ್ಳಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಆದರೆ ಅದನ್ನು ವರ್ಷದ ಕೊನೆಯಲ್ಲಿ ಬರೆಯುವ ದಾನದ ಚೆಕ್ಕು ಎಂದೇ ಬಹಳ ಮಂದಿ ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ದಿನದಿನದ ಖರೀದಿ, ಬಣ್ಣ, ನೀರು, ಕೂಲಿ, ಬಿಲ್ಲು ಪಾವತಿ ಇವುಗಳ ಒಳಗೆ ಬಾರದ ಹೊಣೆಗಾರಿಕೆ ಹೊಣೆಗಾರಿಕೆಯೇ ಅಲ್ಲ. ಕಾನೂನು ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ವರ್ಷ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು; ಇದನ್ನೇ ಸಿಎಸ್‌ಆರ್ ಎನ್ನುತ್ತಾರೆ. ಸರಾಸರಿ ಲಾಭ 10 ಕೋಟಿ ಇದ್ದರೆ ಸಿಎಸ್‌ಆರ್ ಮೊತ್ತ 20 ಲಕ್ಷ. ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಮಿತಿ ಬೇಡ, ನಿರ್ದೇಶಕ ಮಂಡಳಿಯೇ ಆ ಕೆಲಸ ನೋಡಬಹುದು. ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದೆಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ನೀರು, ಮಣ್ಣು, ಗಾಳಿಯ ರಕ್ಷಣೆ ಅದರಲ್ಲಿದೆ. ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳ ಅಭಿವೃದ್ಧಿಯೂ ಇದೆ.

ಪಟ್ಟಿಗಿಂತ ಮುಖ್ಯವಾದದ್ದು ಅದರ ಹೊರಗೆ ಉಳಿದದ್ದು. ಕಂಪನಿ ತನ್ನ ಮಾಮೂಲಿ ವ್ಯವಹಾರಕ್ಕಾಗಿ ಮಾಡುವ ಖರ್ಚು ಸಿಎಸ್‌ಆರ್ ಅಲ್ಲ. ತನ್ನ ನೌಕರರಿಗೆ ಮಾತ್ರ ಅನುಕೂಲವಾಗುವ ಖರ್ಚೂ ಅಲ್ಲ. ಬೇರೆ ಕಾನೂನಿನಂತೆ ಮಾಡಲೇಬೇಕಾದದ್ದನ್ನು ಮಾಡಿದರೆ ಅದೂ ಅಲ್ಲ. 2021ರ ಜನವರಿಯಲ್ಲಿ ತಿದ್ದಿದ ನಿಯಮಗಳು ಇದನ್ನು ಸ್ಪಷ್ಟವಾಗಿ ಬರೆದಿವೆ. ಹಾಗಾಗಿ ಒಂದು ದೊಡ್ಡ ಜವಳಿ ಕಂಪನಿ ತನ್ನ ಬಣ್ಣದ ಘಟಕದ ನೀರನ್ನು ಶುದ್ಧ ಮಾಡಿದ್ದನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ, ಸಿರುಮುಗೈ ನೇಕಾರರಿಂದ ಸೀರೆ ಕೊಂಡದ್ದನ್ನೂ ತೋರಿಸುವಂತಿಲ್ಲ. ಅದೇ ಕಂಪನಿ ತನ್ನ ವ್ಯಾಪಾರಕ್ಕೆ ಸಂಬಂಧವಿಲ್ಲದ ನೇಕಾರರ ಕೇರಿಯಲ್ಲಿ ನೀರು ಶುದ್ಧಿ ಸಹಿತವಾದ ಸಾಮೂಹಿಕ ಬಣ್ಣದ ಮನೆ ಕಟ್ಟಿಸಿಕೊಟ್ಟರೆ ತೋರಿಸಬಹುದು. ತನ್ನ ಕೊಳೆಯನ್ನು ತಾನೇ ತೊಳೆಯುವುದು ದಾನವಲ್ಲ ಎಂದು ಕಾನೂನೇ ಗೆರೆ ಎಳೆದಿದೆ, ಅದು ಸರಿಯಾದ ಗೆರೆ.

ಆ ಗೆರೆಯ ಬೆಲೆ ಎಷ್ಟೆಂದು ತಿಳಿಯಲು ಪಕ್ಕದ ತಿರುಪ್ಪೂರನ್ನು ನೋಡಬೇಕು. ಬನಿಯನ್ನಿನಿಂದ ಹಿಡಿದು ವಿದೇಶಿ ಬ್ರಾಂಡುಗಳ ಟೀ ಷರ್ಟಿನವರೆಗೆ ಹೊಲಿಯುವ ಊರದು. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣ ಎಳೆಗೆ ಹತ್ತಬೇಕಾದರೆ ಉಪ್ಪು ಬೇಕೇ ಬೇಕು. ಗಾಢ ಬಣ್ಣಕ್ಕೆ ಲೀಟರ್ ನೀರಿಗೆ 60 ಗ್ರಾಂ ಉಪ್ಪು, ಒಂದು ಕಿಲೋ ಬಟ್ಟೆಗೆ 10 ಲೀಟರ್ ನೀರು ಎಂದು ಹಿಡಿದರೆ ಕಿಲೋ ಬಟ್ಟೆಗೆ 600 ಗ್ರಾಂ ಉಪ್ಪು. ಬಣ್ಣದ ಬಹುಪಾಲಾದರೂ ಬಟ್ಟೆಯಲ್ಲಿ ನಿಲ್ಲುತ್ತದೆ, ಉಪ್ಪು ಪೂರ್ತಿ ನೀರಿನಲ್ಲೇ ಉಳಿಯುತ್ತದೆ. ಆ ನೀರು ನೊಯ್ಯಲ್ ನದಿಗೆ ಸೇರಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಕೊಳವಾಗಿ, ಅದನ್ನು ಬಿಡಲೇಬೇಡಿ ಎಂದು ಕೆಳಗಿನ ರೈತರೇ ಬೇಡಿಕೊಳ್ಳುವಂತಾಯಿತು.

ಆಯಕಟ್ಟಿನ ರೈತರ ಸಂಘ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2006ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೊರಬಿಡುವ ಪ್ರತಿ ಲೀಟರಿಗೆ 6 ಪೈಸೆಯಿಂದ ಶುರುವಾಗಿ ಏರುತ್ತಾ ಹೋಗುವ ದಂಡ ಹಾಕಿ, ಒಂದು ಹನಿಯೂ ಹೊರಹೋಗದ ವ್ಯವಸ್ಥೆ ಮಾಡಿಕೊಳ್ಳಿ ಎಂದಿತು. 2009ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದರೂ ಹರಿವು ನಿಲ್ಲದಿದ್ದಾಗ 2011ರ ಜನವರಿ 28ರಂದು ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಊರಿನ ಕೆಲಸವೇ ನಿಂತಂತಾಯಿತು; ಬಣ್ಣದ ಕೆಲಸ ಒಂದಷ್ಟು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಗೆ ಜರುಗಿತು.

ಅಲ್ಲಿಂದ ಮುಂದೆ ತಿರುಪ್ಪೂರು ಕಟ್ಟಿಕೊಂಡ ವ್ಯವಸ್ಥೆ ಹೀಗೆ ನಡೆಯುತ್ತದೆ. ಹಲವು ಘಟಕಗಳ ನೀರು ಪೈಪಿನಲ್ಲಿ ಒಂದು ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ಮೊದಲು ಸೂಕ್ಷ್ಮಜೀವಿಗಳು ಅದರ ಜೈವಿಕ ಕೊಳೆಯನ್ನು ತಿನ್ನುತ್ತವೆ. ಬಳಿಕ ಸೋಸಿ, ಒತ್ತಡದಲ್ಲಿ ರಿವರ್ಸ್ ಆಸ್ಮೋಸಿಸ್ ಪೊರೆಗಳ ಮೂಲಕ ಹಾಯಿಸಿದಾಗ ಬಹುಪಾಲು ನೀರು ಶುದ್ಧವಾಗಿ ಬಣ್ಣದ ಮನೆಗೇ ಮರಳುತ್ತದೆ. ಉಳಿದ ಗಟ್ಟಿ ಉಪ್ಪುನೀರನ್ನು ಆವಿಯಾಗಿಸಿ ಉಪ್ಪು ತೆಗೆಯುತ್ತಾರೆ; ಕೆಲವು ಕಡೆ ಆ ಉಪ್ಪುನೀರನ್ನೇ ಶುಚಿ ಮಾಡಿ ಮತ್ತೆ ಬಣ್ಣದ ತೊಟ್ಟಿಗೆ ಬಳಸುತ್ತಾರೆ. ನೀರಿನ ಮಟ್ಟಿಗೆ ಇದು ದೊಡ್ಡ ಸಾಧನೆ. ಆದರೆ ಆವಿ ಮಾಡಲು ಉರಿ ಬೇಕು, ಪೊರೆಗೆ ಒತ್ತಡ ಕೊಡಲು ವಿದ್ಯುತ್ ಬೇಕು, ಬಳಕೆಗೆ ಬಾರದ ಕಲಬೆರಕೆ ಉಪ್ಪನ್ನು ಜೋಪಾನವಾಗಿ ಗೋದಾಮಿನಲ್ಲಿಡಬೇಕು. ಕೊನೆಯಲ್ಲಿ ಶುದ್ಧ ಮಾಡುವುದಕ್ಕಿಂತ ಮೊದಲಲ್ಲೇ ಕಡಿಮೆ ಉಪ್ಪು ಹಾಕುವುದು ಅಗ್ಗ. ಕಡಿಮೆ ನೀರಿನ ಯಂತ್ರ, ಬಟ್ಟೆಗೆ ಬಣ್ಣ ಹಚ್ಚಿ ಸುತ್ತಿ ತಣ್ಣಗೆ ಕೂರಿಸುವ ಕೋಲ್ಡ್ ಪ್ಯಾಡ್ ಬ್ಯಾಚ್ ವಿಧಾನ ಇವೆಲ್ಲ ಆ ಜಾಣತನದಿಂದ ಬಂದವು. ಇಷ್ಟೆಲ್ಲ ಖರ್ಚಿನ ಮೇಲೂ ವಿದೇಶಿ ಖರೀದಿದಾರ ಟೀ ಷರ್ಟಿಗೆ ಹಳೆಯ ದರವನ್ನೇ ಕೇಳಿದರೆ, ಅವನ ಸುಸ್ಥಿರತಾ ವರದಿ ಎಷ್ಟೇ ಅಂದವಾಗಿದ್ದರೂ ನದಿಯ ಖರ್ಚು ಬಿದ್ದದ್ದು ತಿರುಪ್ಪೂರಿನ ತಲೆಯ ಮೇಲೆ.

ಸಿರುಮುಗೈಯ ಮಗ್ಗಕ್ಕೆ ಮರಳೋಣ. ಕೈಮಗ್ಗಕ್ಕೆ ಕರೆಂಟು ಬೇಡ, ಹೊಗೆಯಿಲ್ಲ. ಹಾಗೆಂದು ಕೈಮಗ್ಗದ ಸೀರೆ ತಾನಾಗಿಯೇ ಪರಿಸರಸ್ನೇಹಿ ಎಂದು ಚೀಟಿ ಅಂಟಿಸಿದರೆ ಅರ್ಧ ಸತ್ಯ. ಭಾರ ಇರುವುದು ನೇಯ್ಗೆಗೆ ಮೊದಲು, ಬಣ್ಣದ ಮನೆಯಲ್ಲಿ. ಕಚ್ಚಾ ರೇಷ್ಮೆಯ ಎಳೆಗೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಸೋಪು, ಸೋಡಾ ಹಾಕಿ ಕುದಿಸಿ ಅದನ್ನು ಬಿಡಿಸಿದಾಗ ನೂಲು ಸುಮಾರು ಕಾಲುಭಾಗ ತೂಕ ಕಳೆದುಕೊಳ್ಳುತ್ತದೆ. ಆ ಕಾಲುಭಾಗ ಹೋಗುವುದು ನೀರಿಗೆ. ಆಮೇಲೆ ಆಸಿಡ್ ಬಣ್ಣ. ರೇಷ್ಮೆಗೆ ಹತ್ತಿಯಷ್ಟು ಉಪ್ಪು ಬೇಡ, ಅದು ಪುಣ್ಯ. ಆದರೆ ಕೆಲವು ಗಾಢ ಬಣ್ಣಗಳಲ್ಲಿ ಕ್ರೋಮಿಯಂನಂಥ ಲೋಹ ಇರುತ್ತದೆ. ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೈನುಗಳಾಗುವ ಅಜೋ ಬಣ್ಣಗಳನ್ನು ಭಾರತ 1990ರ ದಶಕದಲ್ಲೇ ನಿಷೇಧಿಸಿದೆ. ಬಿಲ್ಲಿಲ್ಲದೆ ಬಿಡಿ ಪೊಟ್ಟಣದಲ್ಲಿ ಬಣ್ಣ ಕೊಂಡರೆ ಒಳಗೇನಿದೆ ಎಂದು ಯಾರೂ ಹೇಳಲಾರರು. ಬಣ್ಣದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ ಇರುವ ಬಿಲ್ಲು ಕೇಳುವುದೇ ಇಲ್ಲಿ ಮೊದಲ ಕೆಲಸ.

ಎರಡನೆಯದು ಒಂದು ನೋಟ್‌ಬುಕ್. ನೂಲಿನ ತೂಕ, ಬಣ್ಣದ ಗ್ರಾಂ, ನೀರಿನ ಕೊಡ, ಸೌದೆ, ಇಷ್ಟನ್ನು ಪ್ರತಿ ಸಲ ಬರೆದರೆ ಸಾಕು. ಕಿಲೋ ನೂಲಿಗೆ 20 ಲೀಟರಿನ ತೊಟ್ಟಿ ಎನ್ನಿ. ಅಂಟು ಬಿಡಿಸಲು ಒಂದು, ಬಣ್ಣಕ್ಕೆ ಒಂದು, ಜಾಲಿಸಲು ಮೂರು, ಒಟ್ಟು 100 ಲೀಟರ್. ಮೂರನೇ ಸಲ ಜಾಲಿಸಿದ ನೀರು ಬಹುತೇಕ ತಿಳಿಯಾಗಿರುತ್ತದೆ. ಅದನ್ನು ಚೆಲ್ಲದೆ ಮುಂದಿನ ನೂಲಿನ ಮೊದಲ ಜಾಲಿಕೆಗೆ ಇಟ್ಟುಕೊಂಡರೆ 20 ಲೀಟರ್ ಉಳಿಯಿತು. ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ದಿನದ ಕೆಲಸ ಜೋಡಿಸಿಕೊಂಡರೆ ಪಾತ್ರೆ ತೊಳೆಯುವ ನೀರೂ ಉಳಿಯುತ್ತದೆ. ಬಣ್ಣವಾದ ಮೇಲೆ ತೊಟ್ಟಿಯ ನೀರು ಇನ್ನೂ ಕೆಂಪಗೇ ಇದ್ದರೆ, ಅದು ಹಣ ಕೊಟ್ಟು ತಂದ ಬಣ್ಣ. ಕೊನೆಯ ಹಂತದಲ್ಲಿ ಹುಳಿಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಬಿಸಿ ಆರದಂತೆ ಇನ್ನಷ್ಟು ಹೊತ್ತು ಬಿಟ್ಟರೆ ಎಳೆ ಅದನ್ನು ಕುಡಿಯುತ್ತದೆ. ಅಂಟಿನ ನೀರನ್ನೂ ಬಣ್ಣದ ನೀರನ್ನೂ ಒಂದೇ ಗುಂಡಿಗೆ ಬಿಡಬಾರದು: ಮೊದಲನೆಯದನ್ನು ಸೂಕ್ಷ್ಮಜೀವಿಗಳು ಕರಗಿಸಬಲ್ಲವು, ಎರಡನೆಯದಕ್ಕೆ ಬೇರೆ ಉಪಚಾರ ಬೇಕು. ಬೆರೆತ ಮೇಲೆ ಎರಡೂ ಕಷ್ಟ.

ನೀರಿನಷ್ಟೇ ಮುಖ್ಯ ಕೂಲಿಯ ಲೆಕ್ಕ. ಹಾಸು, ಹೊಕ್ಕು, ಜರಿ ಎಲ್ಲವನ್ನೂ ಯಜಮಾನ ಅಥವಾ ಸಹಕಾರ ಸಂಘ ಕೊಡುತ್ತದೆ, ನೇಯ್ದವರಿಗೆ ಸೀರೆಗೆ ಇಷ್ಟು ಎಂದು ಕೂಲಿ. ಆ ಕೂಲಿಯಲ್ಲಿ ಮನೆಯ ಹೆಂಗಸರು ನೂಲು ಸುತ್ತಿದ, ಲಾಳಿಗೆ ಕಡ್ಡಿ ತುಂಬಿದ ಗಂಟೆಗಳು ಸಾಮಾನ್ಯವಾಗಿ ಕಾಣುವುದಿಲ್ಲ. 2019–20ರ ನಾಲ್ಕನೇ ಕೈಮಗ್ಗ ಗಣತಿಯಂತೆ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ, ಅವರಲ್ಲಿ ಶೇ. 70ಕ್ಕಿಂತ ಹೆಚ್ಚು ಹೆಂಗಸರು. ಆದ್ದರಿಂದ ಸೀರೆಯ ಬೆಲೆ ಕಟ್ಟುವ ವ್ಯಾಪಾರಿ ಒಂದು ಸೀರೆಗೆ ಮನೆಮಂದಿಯೆಲ್ಲ ಸೇರಿ ಹಾಕಿದ ಗಂಟೆಗಳನ್ನು ಕೇಳಿ ಬರೆದುಕೊಂಡು, ಕೂಲಿಯನ್ನು ಅದರಿಂದ ಭಾಗಿಸಿ ನೋಡಬೇಕು. ಬಂದ ಮೊತ್ತ ಸರ್ಕಾರದ ಕನಿಷ್ಠ ವೇತನದ ಹತ್ತಿರಕ್ಕೂ ಬಾರದಿದ್ದರೆ, ಅಂಗಡಿಯಲ್ಲಿ ಕೊಡುವ ರಿಯಾಯಿತಿಯ ಹಣ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಈ ಒಂದು ಭಾಗಾಕಾರವನ್ನು ಮಾಡುವ ಅಂಗಡಿಗಳು ಹೆಚ್ಚಬೇಕೆಂಬುದು ನನ್ನ ಆಸೆ.

ಸಣ್ಣ ಸಂಘಗಳಿಗೂ ಈ ಲೆಕ್ಕ ಯಾಕೆ ಬೇಕೆಂದರೆ ಕೇಳುವವರು ಈಗ ಬರುತ್ತಿದ್ದಾರೆ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆಯ ವರದಿಯನ್ನು ಕೊಡಬೇಕು. ಪೂರೈಕೆದಾರರ ನೀರು, ಶಕ್ತಿ, ತ್ಯಾಜ್ಯದ ವಿವರ ಸೇರಿಸುವುದು ಐಚ್ಛಿಕವಾದರೂ ನಿಯಮ ಅದಕ್ಕೂ ಜಾಗ ಕೊಟ್ಟಿದೆ. ದೊಡ್ಡ ಜವಳಿ ಮಳಿಗೆಯಿಂದ ಪ್ರಶ್ನಾವಳಿ ಬಂದಾಗ ನೋಟ್‌ಬುಕ್ ಇದ್ದ ಬಣ್ಣದ ಮನೆ ಉತ್ತರ ಕೊಡುತ್ತದೆ, ಇಲ್ಲದ್ದು ಆರ್ಡರ್ ಕಳೆದುಕೊಳ್ಳುತ್ತದೆ. ಪ್ರಶ್ನೆ ಕಳಿಸಿದವರಿಗೂ ಒಂದು ಕರ್ತವ್ಯವಿದೆ: ಅಳೆಯುವ ತಕ್ಕಡಿ, ಮೀಟರು, ತರಬೇತಿಯ ಖರ್ಚನ್ನು ದರದಲ್ಲಿ ಸೇರಿಸಿ ಕೊಡುವುದು.

ಕಾಸು ಖರ್ಚಿಲ್ಲದೆ ನಾಳೆಯೇ ಮಾಡಬಹುದಾದ ಕೆಲಸವೂ ಒಂದಿದೆ, ಸಮಯಕ್ಕೆ ಸರಿಯಾಗಿ ಹಣ ಕೊಡುವುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಕಿರು ಮತ್ತು ಸಣ್ಣ ಉದ್ದಿಮೆಯಿಂದ ಮಾಲು ತೆಗೆದುಕೊಂಡವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ಸೇರಿಸಿದ ಅಂಶದಿಂದ, ಹೀಗೆ ತಡಮಾಡಿದ ಹಣವನ್ನು ನಿಜವಾಗಿ ಕೊಡುವವರೆಗೆ ಖರ್ಚೆಂದು ಲೆಕ್ಕದಲ್ಲಿ ಕಳೆಯುವಂತೆಯೂ ಇಲ್ಲ. ಸಂಘಗಳೂ ಸ್ವಂತ ಮಗ್ಗ ಇಟ್ಟುಕೊಂಡವರೂ ಉದ್ಯಮ್ ನೋಂದಣಿ ಮಾಡಿಸಿಕೊಂಡು ಅದರ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದರೆ ಈ ರಕ್ಷಣೆ ಕೇಳಬಹುದು. ಹಣ ಬಾರದಿದ್ದರೆ ಸರ್ಕಾರದ ಪೋರ್ಟಲಿನಲ್ಲಿ ದೂರು ಕೊಡಬಹುದು. ದೀಪಾವಳಿಯ ಸೀರೆಗೆ ಆರ್ಡರ್ ಬರೆಯುವಾಗ ಬಣ್ಣ, ಅಂಚು, ಸೆರಗಿನ ವಿವರದ ಕೆಳಗೆ ಹಣ ಕೊಡುವ ತಾರೀಖಿಗೂ ಒಂದು ಸಾಲು ಮೀಸಲಿಟ್ಟು, ಇಬ್ಬರೂ ಸಹಿ ಹಾಕಿಕೊಳ್ಳಲಿ.